ಕಪೂರಿ ಎಲೆಗೆ ಎಷ್ಟು ಹನಿ? ವೀಳ್ಯದೆಲೆಯ ಆಂಟಿಆಕ್ಸಿಡಂಟ್‌ಗಳನ್ನು ತರಗತಿಯಲ್ಲಿ ಅಳೆಯೋಣ



ಹತ್ತನೇ ಇಯತ್ತೆಗೆ ಉತ್ಕರ್ಷಣ–ಅಪಕರ್ಷಣ ಕಲಿಸುವಾಗ ನಾವೆಲ್ಲ ಕೊಡುವ ಉದಾಹರಣೆಗಳು ಸಾಮಾನ್ಯವಾಗಿ ಎರಡೇ. ಒಂದು ತುಕ್ಕು ಹಿಡಿದ ಮೊಳೆ, ಇನ್ನೊಂದು ಕಮಟು ವಾಸನೆ ಬಂದ ಎಣ್ಣೆ. ಮಕ್ಕಳು ವಹಿಯಲ್ಲಿ ಬರೆದುಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಈ ಸಲ ನಾನು ಲಿಂಗನೂರಿನ ಮಕ್ಕಳಿಗೆ ಅದೇ ಪಾಠವನ್ನು ಕೈಯಲ್ಲಿ ವೀಳ್ಯದೆಲೆ ಹಿಡಿದು ಹೇಳಿದೆ. ಪಾಠ ಚೆನ್ನಾಗಿಯೇ ನಡೆಯಿತು. ಆದರೆ ಕಡೆಗೆ ಇಬ್ಬರು ಮಕ್ಕಳು ಕೇಳಿದ ಎರಡು ಪ್ರಶ್ನೆಗಳು ನನ್ನನ್ನು ಒಂದು ವಾರ ಓಡಾಡಿಸಿದವು. ಆ ಪ್ರಶ್ನೆಗಳನ್ನೂ, ಅವುಗಳಿಂದ ಹುಟ್ಟಿದ ಪ್ರಯೋಗವನ್ನೂ ನಿಮ್ಮ ಮುಂದೆ ಇಡುತ್ತಿದ್ದೇನೆ. ಖರ್ಚು ಬಹಳ ಇಲ್ಲ. ಪ್ರಯೋಗಶಾಲೆ ಇಲ್ಲದ ಶಾಲೆಯಲ್ಲೂ ಮಾಡಬಹುದು.

ಮಿರಜ ತಾಲೂಕಿನ ಪೂರ್ವಭಾಗದಲ್ಲಿ ಇರುವವರಿಗೆ ಎಲೆಬಳ್ಳಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಆರಗ, ಬೇಡಗ, ನರವಾಡ, ಮಾಲಗಾವ ಕಡೆಯ ಪಾನಮಳೆಗಳು ನಮಗೆ ಗೊತ್ತೇ ಇವೆ. ಇಲ್ಲಿ ಹೆಚ್ಚಾಗಿ ಬೆಳೆಯುವುದು ಕಪೂರಿ ತಳಿ. ಎಲೆ ತೆಳು, ಖಾರ ಕಡಿಮೆ. ತರಗತಿಯಲ್ಲಿ ನಾನು ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ಹೇಳುತ್ತಿದ್ದೆ. ಅವರು ಬಂಗ್ಲಾ, ಸಿಹಿ ಅಂದರೆ ಮೀಠಾ, ಮತ್ತು ಮೈಸೂರು ಎಂಬ ಮೂರು ಬಗೆಯ ವೀಳ್ಯದೆಲೆಯ ಸಾರ ತೆಗೆದು, ಯಾವುದರ ಆಂಟಿಆಕ್ಸಿಡಂಟ್ ಶಕ್ತಿ ಹೆಚ್ಚು ಎಂದು ಹೋಲಿಸಿದರು. ಬಂಗ್ಲಾ ಮೇಲುಗೈ ಪಡೆಯಿತು. ಇಷ್ಟು ಹೇಳುವಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ಅವಳ ಅಪ್ಪನದು 20 ಗುಂಟೆ ಎಲೆತೋಟ.

"ಸರ್, ಇದರಾಗ ನಮ್ಮ ಕಪೂರಿ ಹೆಸರ ಇಲ್ಲಲ್ರಿ?"

ಇರಲಿಲ್ಲ. ಅದು ಮೊದಲನೇ ಪ್ರಶ್ನೆ. ಎರಡನೆಯದು ಹಿಂದಿನ ಸಾಲಿನಿಂದ ಬಂತು.

"ಹಂಗಾದ್ರ ನಮ್ಮಜ್ಜ ದಿನಾ ಎಲಿ-ಅಡಕಿ ಹಾಕ್ಕೋತಾನಲ್ರಿ, ಅದು ಔಷಧ ಆತೇನ್ರಿ ಸರ್?"

ಇಡೀ ವರ್ಗ ನಕ್ಕಿತು. ನಾನೂ ನಕ್ಕು ಗಂಟೆ ಹೊಡೆದಿದ್ದೇ ಹೊರಗೆ ಬಂದೆ. ಎರಡು ದಿನ ಬಿಟ್ಟು ಆ ಹುಡುಗನೇ ಹೇಳಿದ: ಅಜ್ಜನಿಗೆ ಬಾಯಿ ಸರಿಯಾಗಿ ತೆರೆಯಲು ಬರುತ್ತಿಲ್ಲ, ರೊಟ್ಟಿ ಮುರಿದು ಸಣ್ಣ ತುಣುಕು ಮಾಡಿ ಕೊಡಬೇಕು, ಮಿರಜಕ್ಕೆ ತೋರಿಸಲು ಕರೆದುಕೊಂಡು ಹೋಗಿದ್ದಾರೆ. ನನ್ನ ಅರ್ಧ ಪಾಠ ಅವನ ಮನೆಗೆ ಯಾವ ಸುದ್ದಿ ಹೊತ್ತುಕೊಂಡು ಹೋಗಿತ್ತು ಎಂದು ಆಗ ನನಗೆ ಅರಿವಾಯಿತು. ಉಳಿದ ಅರ್ಧ ಪಾಠವನ್ನು ಮುಗಿಸಲೇಬೇಕಾಯಿತು.

ಎಲೆ ಒಂದೇ, ತಳಿ ಹಲವು

ವೀಳ್ಯದೆಲೆ ಕಾಳುಮೆಣಸಿನ ಕುಟುಂಬದ ಬಳ್ಳಿ. ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ರೈತರು ಬೀಜ ಬಿತ್ತುವುದಿಲ್ಲ, ಬಳ್ಳಿಯ ತುಂಡು ನೆಟ್ಟು ಬೆಳೆಸುತ್ತಾರೆ. ಆದ್ದರಿಂದ ಒಂದು ತಳಿ ತಲೆಮಾರುಗಟ್ಟಲೆ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ. "ತುಂಡಿನಿಂದ ಬೆಳೆದ ಗಿಡ ತಾಯಿಗಿಡದಂತೆಯೇ ಏಕೆ?" ಎಂಬ ಅನುವಂಶಿಕತೆಯ ಪಾಠವನ್ನು ಇಲ್ಲಿಯೇ ಜೋಡಿಸಬಹುದು.

ನಮ್ಮ ದೇಶದಲ್ಲಿ ಹೆಸರಾದ ಬಗೆಗಳು ಬಂಗ್ಲಾ, ದೇಸಾವರಿ, ಕಪೂರಿ, ಮೀಠಾ, ಸಾಂಚಿ. ಕರ್ನಾಟಕದಲ್ಲಿ ಕರಿಎಲೆ, ಅಂಬಾಡಿ ಎಲೆ ಎನ್ನುತ್ತಾರೆ. ಸವಣೂರಿನ ಎಲೆಗೆ ಬೇರೆಯೇ ಹೆಸರಿದೆ. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮಿರಜದ ಪಾನಪಟ್ಟಿಯಲ್ಲಿ "ಕಲಕತ್ತಾ" ಎಂದು ಕೇಳಿದರೆ ಕೊಡುವ ದಪ್ಪ, ಖಾರದ ಎಲೆ ಬಂಗ್ಲಾ ಬಗೆಯದು.

ಈ ತಳಿಗಳ ವ್ಯತ್ಯಾಸ ನಾಲಿಗೆಗೆ ಮೊದಲು ಗೊತ್ತಾಗುತ್ತದೆ. ಕಾರಣ ಎಲೆಯ ಸುಗಂಧ ತೈಲದಲ್ಲಿರುವ ಸಂಯುಕ್ತಗಳು. ಲವಂಗದ ವಾಸನೆ ಕೊಡುವ ಯೂಜಿನಾಲ್ ಖಾರದ ಎಲೆಗಳಲ್ಲಿ ಹೆಚ್ಚು. ಮೀಠಾ ಎಲೆಯಲ್ಲಿ ಬಡೇಸೋಪಿನ ವಾಸನೆಯ ಅನೆಥೋಲ್ ಇದೆ. ಇವುಗಳ ಜೊತೆಗೆ ಚಾವಿಬೆಟಾಲ್, ಚಾವಿಕಾಲ್, ಹೈಡ್ರಾಕ್ಸಿಚಾವಿಕಾಲ್ ಎಂಬ ಫೀನಾಲ್‌ಗಳೂ ವೀಳ್ಯದೆಲೆಯಲ್ಲಿ ಸಿಗುತ್ತವೆ. ಹೈಡ್ರಾಕ್ಸಿಚಾವಿಕಾಲ್‌ಗೆ ಅಲೈಲ್‌ಪೈರೊಕೆಟಿಕಾಲ್ ಎಂಬ ಇನ್ನೊಂದು ಹೆಸರಿದೆ. ಭಾಭಾ ಕೇಂದ್ರದವರ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಸಂಯುಕ್ತ ಇದೇ. ಮೂರೂ ಬಗೆಯ ಎಲೆಗಳಲ್ಲಿ ಅವರಿಗೆ ಸಿಕ್ಕ ಸಂಯುಕ್ತಗಳು ಹೆಚ್ಚು ಕಡಿಮೆ ಅವೇ. ಆದರೆ ಬಂಗ್ಲಾದಲ್ಲಿದ್ದಷ್ಟು ಪ್ರಮಾಣ ಸಿಹಿ ಮತ್ತು ಮೈಸೂರು ಎಲೆಗಳಲ್ಲಿ ಇರಲಿಲ್ಲ. ತಳಿ ಬದಲಾದರೆ ಅಡುಗೆಯ ಸಾಮಾನು ಅದೇ ಇದ್ದು ಅಳತೆ ಬದಲಾಗುತ್ತದೆ ಎಂದು ಮಕ್ಕಳಿಗೆ ಹೇಳಿದೆ.

ಪಕ್ಕಪಕ್ಕದಲ್ಲಿ ಎರಡು ಓಎಚ್

ಹೈಡ್ರಾಕ್ಸಿಚಾವಿಕಾಲ್ ಯಾಕೆ ಮುಂದೆ? ಹಲಗೆಯ ಮೇಲೆ ಬೆಂಜೀನ್ ಉಂಗುರ ಬರೆಯಿರಿ. ಒಂದು ಮೂಲೆಗೆ ಅಲೈಲ್ ಬಾಲ ಹಚ್ಚಿ. ಎದುರಿನ ಮೂಲೆಗೆ ಒಂದೇ ಓಎಚ್ ಹಾಕಿದರೆ ಅದು ಚಾವಿಕಾಲ್. ಆ ಓಎಚ್‌ನ ಪಕ್ಕದ ಮೂಲೆಗೆ ಮಿಥಾಕ್ಸಿ ಗುಂಪು ಸೇರಿಸಿದರೆ ಯೂಜಿನಾಲ್. ಓಎಚ್ ಮತ್ತು ಮಿಥಾಕ್ಸಿ ಜಾಗ ಅದಲುಬದಲು ಮಾಡಿದರೆ ಚಾವಿಬೆಟಾಲ್. ಎರಡಕ್ಕೂ ಅಣುಸೂತ್ರ ಒಂದೇ: ಇಂಗಾಲ 10, ಹೈಡ್ರೋಜನ್ 12, ಆಕ್ಸಿಜನ್ 2. ಸಮಾಂಗಿಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮೂರಲ್ಲಿ ಸಿಗಲಾರದು. ಈಗ ಮಿಥಾಕ್ಸಿ ಅಳಿಸಿ ಅಲ್ಲಿಯೂ ಓಎಚ್ ಬರೆಯಿರಿ. ಎರಡು ಓಎಚ್ ಅಕ್ಕಪಕ್ಕ ಕುಳಿತವು. ಇದೇ ಹೈಡ್ರಾಕ್ಸಿಚಾವಿಕಾಲ್: ಇಂಗಾಲ 9, ಹೈಡ್ರೋಜನ್ 10, ಆಕ್ಸಿಜನ್ 2.

ಫ್ರೀ ರ್‍ಯಾಡಿಕಲ್ ಅಂದರೆ ಜೋಡಿ ಇಲ್ಲದ ಎಲೆಕ್ಟ್ರಾನ್ ಇರುವ ಕಣ. ಅದು ಪಕ್ಕದವರಿಂದ ಹೈಡ್ರೋಜನ್ ಕಸಿದು ಜೋಡಿ ಮಾಡಿಕೊಳ್ಳಲು ನೋಡುತ್ತದೆ. ಕಸಿದುಕೊಂಡದ್ದು ಕೊಬ್ಬಿನ ಅಣುವಿನಿಂದಾದರೆ ಆ ಅಣುವೇ ಹೊಸ ರ್‍ಯಾಡಿಕಲ್ ಆಗಿ ಸರಪಳಿ ಮುಂದುವರಿಯುತ್ತದೆ. ಎಣ್ಣೆ ಕಮಟಾಗುವುದು ಹೀಗೆ. ಫೀನಾಲ್ ತನ್ನ ಓಎಚ್‌ನ ಹೈಡ್ರೋಜನ್ ಕೊಟ್ಟರೆ ಸರಪಳಿ ನಿಲ್ಲುತ್ತದೆ, ಏಕೆಂದರೆ ಉಳಿದ ಒಂಟಿ ಎಲೆಕ್ಟ್ರಾನ್ ಉಂಗುರದ ತುಂಬ ಹಂಚಿಹೋಗುತ್ತದೆ ಮತ್ತು ಬೇರೆಯವರ ಮೇಲೆ ಸುಲಭವಾಗಿ ಬೀಳುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಓಎಚ್ ಇದ್ದರೆ ಅದು ಈ ಸ್ಥಿತಿಗೆ ಆಸರೆ ಕೊಡುತ್ತದೆ. ಬೇಕಾದರೆ ತನ್ನ ಹೈಡ್ರೋಜನ್ನನ್ನೂ ಕೊಟ್ಟು ಕ್ವಿನೋನ್ ಆಗುತ್ತದೆ. ಹೀಗೆ ಒಂದು ಅಣು ಎರಡು ಸಲ ಕೊಡಬಲ್ಲದು.

ಇದೇ ಜೋಡಿ ಓಎಚ್ ದೂರದ ಇನ್ನೊಂದು ಎಲೆಯಲ್ಲೂ ಇದೆ. ಭೂಮಧ್ಯ ಸಮುದ್ರದ ಸುತ್ತಲಿನ ದೇಶಗಳಲ್ಲಿ ಆಲಿವ್ ಮರದ ಬೇರೆ ಬೇರೆ ತಳಿಗಳ ಎಲೆಗಳನ್ನು ಹೀಗೆಯೇ ಹೋಲಿಸಿ ನೋಡುತ್ತಾರೆ. ಆಲಿವ್ ಎಲೆಯ ಕಹಿಗೆ ಕಾರಣವಾದ ಒಲಿಯುರೋಪೀನ್ ಒಂದು ದೊಡ್ಡ ಅಣು. ಅದರ ಒಂದು ತುದಿಯಲ್ಲಿ ಹೈಡ್ರಾಕ್ಸಿಟೈರೊಸಾಲ್ ಇದೆ, ಅಲ್ಲಿಯೂ ಉಂಗುರದ ಮೇಲೆ ಓಎಚ್ ಜೋಡಿಯಾಗಿ ಕುಳಿತಿವೆ. ರಾಜಸ್ಥಾನದಲ್ಲಿ ಇಸ್ರೇಲಿನ ನೆರವಿನಿಂದ ಆಲಿವ್ ಬೆಳೆಸಿ ಅದರ ಎಲೆಯ ಚಹಾ ಕೂಡ ಮಾಡುತ್ತಿದ್ದಾರೆ. ಊರು ಬೇರೆ, ಗಿಡ ಬೇರೆ, ರಸಾಯನಶಾಸ್ತ್ರ ಒಂದೇ ಎಂದಾಗ ಮಕ್ಕಳ ಕಣ್ಣು ಅರಳುತ್ತವೆ.

ಹನಿ ಎಣಿಸುವ ಪ್ರಯೋಗ

ದೊಡ್ಡ ಪ್ರಯೋಗಶಾಲೆಗಳಲ್ಲಿ ಡಿಪಿಪಿಎಚ್ ಎಂಬ ನೇರಳೆ ಬಣ್ಣದ ರ್‍ಯಾಡಿಕಲ್ ದ್ರಾವಣಕ್ಕೆ ಎಲೆಯ ಸಾರ ಹಾಕುತ್ತಾರೆ. ಅದು ಹೈಡ್ರೋಜನ್ ಪಡೆದು ಹಳದಿಯಾಗುತ್ತದೆ. ಬಣ್ಣ ಎಷ್ಟು ಇಳಿಯಿತು ಎಂದು 517 ನ್ಯಾನೋಮೀಟರ್ ಬೆಳಕಿನಲ್ಲಿ ಉಪಕರಣದಿಂದ ಅಳೆಯುತ್ತಾರೆ. ನಮ್ಮಲ್ಲಿ ಆ ಉಪಕರಣ ಇಲ್ಲ. ಅದಕ್ಕೆ ಬದಲಾಗಿ ಅಯೋಡಿನ್ ಬಳಸೋಣ. ಪಿಷ್ಟದ ಜೊತೆ ಅಯೋಡಿನ್ ನೀಲಿ. ಅಪಕರ್ಷಕ ವಸ್ತು ಸೇರಿದರೆ ಅಯೋಡಿನ್ ಅಯೋಡೈಡ್ ಆಗಿ ನೀಲಿ ಹೋಗುತ್ತದೆ.

ಬೇಕಾದದ್ದು: ಎರಡು ಮೂರು ಬಗೆಯ ವೀಳ್ಯದೆಲೆ, ಗಾಯಕ್ಕೆ ಹಚ್ಚುವ 5 ಪ್ರತಿಶತ ಪೋವಿಡೋನ್-ಅಯೋಡಿನ್ ದ್ರಾವಣ, ಅನ್ನದ ಗಂಜಿ, 500 ಮಿಲಿಗ್ರಾಂನ ಒಂದು ವಿಟಮಿನ್ ಸಿ ಗುಳಿಗೆ, ಕಲ್ಲಿನ ಖಲಬತ್ತು, ಬಿಳಿ ಬಟ್ಟೆ, ಸೋಸುವ ಕಾಗದ, ಒಂದು ಡ್ರಾಪರ್, ಸಣ್ಣ ತಕ್ಕಡಿ.

1. ಎಲೆಗಳನ್ನು ಚೆನ್ನಾಗಿ ತೊಳೆಯಿರಿ, ತೋಟದಲ್ಲಿ ಔಷಧ ಹೊಡೆದಿರುತ್ತಾರೆ. ನೀರು ಒರೆಸಿ, ತೊಟ್ಟು ಮತ್ತು ನಡುನರ ತೆಗೆದು, ಸರಿಯಾಗಿ 2 ಗ್ರಾಂ ತೂಗಿ.

2. ಅರೆದು, 20 ಮಿ.ಲೀ. ಬಿಸಿನೀರು ಹಾಕಿ 10 ನಿಮಿಷ ಮುಚ್ಚಿಡಿ. ಬಟ್ಟೆಯಲ್ಲಿ ಹಿಂಡಿ, ಆಮೇಲೆ ಕಾಗದದಲ್ಲಿ ಸೋಸಿ, ಆರಲು ಬಿಡಿ. ಎಲ್ಲ ಬಗೆಯ ಎಲೆಗೂ ಇದೇ ನೀರು, ಇದೇ ಹೊತ್ತು.

3. ಪೋವಿಡೋನ್-ಅಯೋಡಿನ್ 1 ಮಿ.ಲೀ. ತೆಗೆದು ನೀರು ಸೇರಿಸಿ 100 ಮಿ.ಲೀ. ಮಾಡಿ. ಅದರಿಂದ 10 ಮಿ.ಲೀ. ಬಿಳಿ ಬಟ್ಟಲಿಗೆ ಹಾಕಿ, ತಿಳಿಗಂಜಿ 1 ಮಿ.ಲೀ. ಸೇರಿಸಿ. ಕಡುನೀಲಿ ಬರಬೇಕು.

4. ಎಲೆಯ ಸಾರವನ್ನು ಹನಿಹನಿಯಾಗಿ ಹಾಕುತ್ತ ಅಲುಗಾಡಿಸಿ. ನೀಲಿ ಪೂರ್ಣ ಹೋದಾಗ ನಿಲ್ಲಿಸಿ, ಹನಿ ಬರೆದುಕೊಳ್ಳಿ. ಹನಿ ಕಡಿಮೆಯಾದಷ್ಟೂ ಸಾರದ ಶಕ್ತಿ ಹೆಚ್ಚು.

5. ವಿಟಮಿನ್ ಸಿ ಗುಳಿಗೆಯನ್ನು 1 ಲೀಟರ್ ನೀರಿನಲ್ಲಿ ಕರಗಿಸಿ, ಅದೇ ಡ್ರಾಪರ್‌ನಿಂದ ಅದನ್ನೂ ಪರೀಕ್ಷಿಸಿ. ಬರೀ ನೀರಿನ ಹನಿ ಹಾಕಿಯೂ ಒಮ್ಮೆ ನೋಡಿ, ನೀಲಿ ಉಳಿಯಬೇಕು.

6. ಪ್ರತಿಯೊಂದನ್ನೂ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಲೆಕ್ಕಕ್ಕೆ ಒಂದು ಉದಾಹರಣೆ. ವಿಟಮಿನ್ ಸಿ 15 ಹನಿ, ಎಲೆಸಾರ 30 ಹನಿ ಹಿಡಿಯಿತು ಎಂದುಕೊಳ್ಳಿ. ಸಾರದ ಶಕ್ತಿ ವಿಟಮಿನ್ ದ್ರಾವಣದ ಅರ್ಧ. ವಿಟಮಿನ್ ದ್ರಾವಣದಲ್ಲಿ ಪ್ರತಿ ಮಿ.ಲೀ.ಗೆ 0.5 ಮಿಲಿಗ್ರಾಂ ಇರುವುದರಿಂದ ಸಾರದ ಒಂದು ಮಿ.ಲೀ. 0.25 ಮಿಲಿಗ್ರಾಂ ವಿಟಮಿನ್ ಸಿಗೆ ಸಮ. 20 ಮಿ.ಲೀ.ಗೆ 5 ಮಿಲಿಗ್ರಾಂ. ಎಲೆ 2 ಗ್ರಾಂ ಇದ್ದದ್ದರಿಂದ ಒಂದು ಗ್ರಾಂ ಎಲೆಗೆ 2.5 ಮಿಲಿಗ್ರಾಂ. ತ್ರೈರಾಶಿ ಬಂದರೆ ಸಾಕು. ನಮ್ಮ ಮಕ್ಕಳ ನಿಜವಾದ ಹನಿಗಳ ಸಂಖ್ಯೆ ಇಲ್ಲಿ ಬೇಕಂತಲೇ ಬರೆದಿಲ್ಲ. ಬರೆದರೆ ನಿಮ್ಮ ಮಕ್ಕಳು ಆ ಉತ್ತರ ಬರುವವರೆಗೆ ಹನಿ ಹಾಕುತ್ತಾರೆ!

ನಾವು ಎಡವಿದ್ದು ಎಲ್ಲಿ

ಮೊದಲನೇ ದಿನ ನಾವು ತಪ್ಪು ಮಾಡಿದೆವು. ತೂಗುವ ಬದಲು "ಒಂದೊಂದು ಬಗೆಗೆ ನಾಲ್ಕು ನಾಲ್ಕು ಎಲೆ" ಎಂದು ಹಿಡಿದೆವು. ಕಲಕತ್ತಾ ಎಲೆ ದಪ್ಪ, ದೊಡ್ಡದು. ಅದು ಗೆದ್ದಿತು. ತೋಟದ ಹುಡುಗಿ ಮುಖ ಸಣ್ಣ ಮಾಡಿಕೊಂಡು ಕುಳಿತಳು. ಆಮೇಲೆ ಅವಳೇ ಎದ್ದು ಹೇಳಿದಳು: "ಸರ್, ಅವರ ನಾಕ ಎಲಿ ಅಂದ್ರ ನಮ್ಮ ಎಂಟ ಎಲಿ ತೂಕ ಆಗ್ತೈತ್ರಿ. ಇದು ನ್ಯಾಯ ಅಲ್ರಿ." ಅಂದಿನ ದಿನದ ಅತಿ ಒಳ್ಳೆಯ ವೈಜ್ಞಾನಿಕ ಮಾತು ಅದು. ಹೋಲಿಕೆ ಮಾಡುವಾಗ ಒಂದನ್ನು ಬಿಟ್ಟು ಉಳಿದೆಲ್ಲವೂ ಸಮ ಇರಬೇಕು ಎಂದು ಪುಸ್ತಕದಲ್ಲಿ ಓದಿಸಿದ್ದೆ, ಅವಳು ಅದನ್ನು ತಕ್ಕಡಿಯ ಮೇಲೆ ಇಟ್ಟಳು.

ಎರಡನೇ ದಿನ ತೂಗಿದೆವು. ಆಗ ಇನ್ನೊಂದು ತೊಡಕು ಬಂತು. ಮೂರು ತಂಡಗಳೂ ಕಪೂರಿಯನ್ನೇ ಪರೀಕ್ಷಿಸಿದ್ದರೂ ಹನಿಗಳು ಒಂದಕ್ಕೊಂದು ಕೂಡಲಿಲ್ಲ. ವಿಚಾರಿಸಿದಾಗ ಒಂದು ತಂಡ ತುದಿಯ ಎಳೆ ಎಲೆ ತಂದಿತ್ತು, ಇನ್ನೊಂದು ಕೆಳಗಿನ ಬಲಿತ ಎಲೆ, ಮೂರನೆಯದು ಎರಡು ದಿನ ಹಳೆಯದು. ಎಲೆಯ ವಯಸ್ಸು, ಕಿತ್ತ ಮೇಲೆ ಕಳೆದ ಹೊತ್ತು, ಬಳ್ಳಿಗೆ ಬಿದ್ದ ಬಿಸಿಲು, ಇವೆಲ್ಲ ಫೀನಾಲ್ ಪ್ರಮಾಣವನ್ನು ಬದಲಿಸಬಲ್ಲವು. ಚೊಗಚಿ, ನುಗ್ಗಿ, ಹಾಲವಾಣದ ನೆರಳಲ್ಲಿ ಹಬ್ಬಿದ ಬಳ್ಳಿಗೂ ನೆರಳು ತೆಳುವಾದ ಅಂಚಿನ ಬಳ್ಳಿಗೂ ಬಿಸಿಲು ಒಂದೇ ಅಲ್ಲ. ಪೇಟೆಯಿಂದ ತಂದ ಕಲಕತ್ತಾ ಎಲೆ ಎಷ್ಟು ದಿನ ಪ್ರಯಾಣ ಮಾಡಿದೆಯೋ ಅಂಗಡಿಯವನಿಗೂ ಗೊತ್ತಿಲ್ಲ. ಆದ್ದರಿಂದ "ಈ ತಳಿ ಮೇಲು, ಆ ತಳಿ ಕೀಳು" ಎಂದು ತೀರ್ಪು ಕೊಡುವ ಮೊದಲು ಒಂದೇ ತೋಟದಲ್ಲಿ, ಒಂದೇ ನೀರು ಗೊಬ್ಬರದಲ್ಲಿ ಬೆಳೆದ, ಒಂದೇ ವಯಸ್ಸಿನ ಎಲೆಗಳು ಬೇಕು.

ಇನ್ನೊಂದು ಎಚ್ಚರ. ಅಯೋಡಿನ್ ಬಣ್ಣ ಕಳೆಯುವುದು ಫೀನಾಲ್ ಒಂದೇ ಅಲ್ಲ, ಎಲೆಯಲ್ಲಿರುವ ವಿಟಮಿನ್ ಸಿ ಕೂಡ ಕಳೆಯುತ್ತದೆ. ನಾವು ಅಳೆದದ್ದು ಸಾರದ ಒಟ್ಟು ಅಪಕರ್ಷಕ ಶಕ್ತಿ. ಫೀನಾಲ್ ಇದೆಯೇ ಎಂದು ಬೇರೆಯಾಗಿ ನೋಡಲು ಶಾಲೆಯಲ್ಲಿ ಫೆರಿಕ್ ಕ್ಲೋರೈಡ್ ಇದ್ದರೆ ಒಂದೆರಡು ಹನಿ ಹಾಕಿ. ಬಣ್ಣ ಕಪ್ಪುಹಸಿರಿನತ್ತ ತಿರುಗುತ್ತದೆ.

ಹುಡುಗಿಗೆ ನಾನು ಇನ್ನೊಂದು ಮಾತು ಹೇಳಿದೆ. ಖಾರ ಕೊಡುವುದೂ ಫೀನಾಲ್‌ಗಳೇ. ಕಪೂರಿಯನ್ನು ಜನ ಕೊಳ್ಳುವುದು ಅದು ಮೃದು, ಖಾರ ಕಡಿಮೆ ಎಂದು. ಬಟ್ಟಲಿನಲ್ಲಿ ಹಿಂದೆ ಬಿದ್ದರೂ ಪೇಟೆಯಲ್ಲಿ ಹಿಂದೆ ಬೀಳಬೇಕೆಂದೇನಿಲ್ಲ. ನಾವು ಅಳೆದದ್ದು ಎಲೆಯ ಒಂದು ಗುಣ, ಅವಳ ಅಪ್ಪನ ತೋಟದ ಬೆಲೆಯಲ್ಲ.

ಸುಣ್ಣ ಹಚ್ಚಿದಾಗ

ಈಗ ಎರಡನೇ ಪ್ರಶ್ನೆಗೆ ಬರೋಣ. ಇದನ್ನು ಬಿಟ್ಟು ಈ ಪಾಠವನ್ನು ದಯವಿಟ್ಟು ಮುಗಿಸಬೇಡಿ.

ಉಳಿದ ಎಲೆಸಾರವನ್ನು ಎರಡು ಪ್ರನಾಳಗಳಿಗೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಅಷ್ಟೇ ಸುಣ್ಣದ ತಿಳಿ. ತಿಳಿಯ ಪಿಎಚ್ ಸುಮಾರು 12, ಮಕ್ಕಳ ಕಣ್ಣಿಗೆ ಸಿಡಿಯದಂತೆ ಶಿಕ್ಷಕರೇ ಹಾಕಬೇಕು. ಸುಣ್ಣ ಬಿದ್ದ ಪ್ರನಾಳ ನೋಡುನೋಡುತ್ತಲೇ ಕಂದಾಗುತ್ತದೆ, ಇನ್ನೊಂದು ಬಹಳ ಹೊತ್ತು ಹಾಗೆಯೇ ಇರುತ್ತದೆ. ಅಡಕೆಯನ್ನು ನೀರಲ್ಲಿ ನೆನೆಸಿ ಅದರ ಸಾರಕ್ಕೆ ಸುಣ್ಣದ ತಿಳಿ ಹಾಕಿದರೆ ಕೆಂಪು ಬಣ್ಣ ಇನ್ನೂ ಜೋರು.

ಏನಾಯಿತು? ಕ್ಷಾರದಲ್ಲಿ ಫೀನಾಲ್ ತನ್ನ ಪ್ರೋಟಾನ್ ಕಳೆದುಕೊಂಡು ಫೀನೊಲೇಟ್ ಆಗುತ್ತದೆ. ಫೀನೊಲೇಟ್ ಎಲೆಕ್ಟ್ರಾನನ್ನು ಗಾಳಿಯ ಆಕ್ಸಿಜನ್‌ಗೇ ಸುಲಭವಾಗಿ ಕೊಟ್ಟುಬಿಡುತ್ತದೆ. ಎಲೆಕ್ಟ್ರಾನ್ ಪಡೆದ ಆಕ್ಸಿಜನ್ ಸೂಪರಾಕ್ಸೈಡ್ ಆಗಿ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅಂದರೆ ರ್‍ಯಾಡಿಕಲ್ ತಡೆಯುತ್ತಿದ್ದ ಅಣುವೇ ಸುಣ್ಣದ ಜೊತೆ ಸೇರಿ ರ್‍ಯಾಡಿಕಲ್ ಹುಟ್ಟಿಸುತ್ತದೆ. ಅಡಕೆಯ ಪಾಲಿಫೀನಾಲ್‌ಗಳು ಸುಣ್ಣದೊಡನೆ ಹೀಗೆ ಮಾಡುವುದನ್ನು ಸಂಶೋಧಕರು ಪ್ರಯೋಗಶಾಲೆಯಲ್ಲೂ, ಎಲೆ-ಅಡಕೆ ಜಗಿಯುವವರ ಬಾಯಲ್ಲೂ ಗುರುತಿಸಿದ್ದಾರೆ. ಎಲೆಕ್ಟ್ರಾನ್ ಕೊಡುವ ಗುಣ ಎರಡೂ ಕಡೆ ಅದೇ. ಯಾರಿಗೆ ಕೊಡುತ್ತದೆ ಎಂಬುದು ಸಂದರ್ಭ ನೋಡಿ ಬದಲಾಗುತ್ತದೆ.

ಅದರ ಮೇಲೆ ಅಡಕೆಯಲ್ಲಿ ಅರೆಕೋಲಿನ್ ಎಂಬ ಆಲ್ಕಲಾಯ್ಡ್ ಇದೆ. ಅಡಕೆ ಜಗಿಯುತ್ತ ಹೋದರೆ ಬಾಯಿಯ ಒಳಚರ್ಮದ ಕೆಳಗೆ ನಾರು ಬೆಳೆದು, ಕೆನ್ನೆ ಗಡುಸಾಗಿ, ಬಾಯಿ ತೆರೆಯಲು ಬರದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಕೆಯನ್ನೂ, ತಂಬಾಕು ಇಲ್ಲದ ಎಲೆ-ಅಡಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿತು. ತಂಬಾಕು ಬೆರೆಸಿದ ಎಲೆ-ಅಡಕೆಯ ಬಗ್ಗೆ 1985ರಲ್ಲಿಯೇ ಹೇಳಿತ್ತು. ವೀಳ್ಯದೆಲೆಯೊಂದನ್ನೇ ಆ ಗುಂಪಿನಲ್ಲಿ ಹೆಸರಿಸಿಲ್ಲ. ನಮ್ಮ ರಾಜ್ಯದಲ್ಲಿ 2012ರಿಂದ ಗುಟಖಾ ಮಾರಾಟಕ್ಕೆ ಬಂದಿ ಇದೆ. ಆದರೂ ಪುಡಿಕೆಯ ಹಾಳೆ ಶಾಲೆಯ ಗೋಡೆಯ ಪಕ್ಕದಲ್ಲಿ ಬಿದ್ದಿರುವುದನ್ನು ನೀವೂ ನೋಡಿದ್ದೀರಿ.

ಮೂರನೇ ಒಂದು ಮಾತೂ ಇದೆ. ಬಟ್ಟಲಿನಲ್ಲಿ ಅಯೋಡಿನ್ ಬಣ್ಣ ಕಳೆದದ್ದು ಬಟ್ಟಲಿನ ಸಂಗತಿ. ತಿಂದ ಫೀನಾಲ್ ಕರುಳಿನಲ್ಲಿ ಎಷ್ಟು ಹೀರಲ್ಪಡುತ್ತದೆ, ಯಕೃತ್ತು ಅದನ್ನು ಏನಾಗಿ ಬದಲಿಸುತ್ತದೆ, ಎಷ್ಟು ಬೇಗ ಮೂತ್ರದಲ್ಲಿ ಹೋಗುತ್ತದೆ, ಇವೆಲ್ಲ ಬೇರೆ ಪ್ರಶ್ನೆಗಳು. "ಆಂಟಿಆಕ್ಸಿಡಂಟ್ ಇದೆ" ಎಂದು ಡಬ್ಬಿಯ ಮೇಲೆ ಬರೆದದ್ದನ್ನು ಓದುವಾಗ ಮಕ್ಕಳು ಇದನ್ನು ನೆನಪಿಟ್ಟರೆ ಈ ಪಾಠ ಸಾರ್ಥಕ.

ಮಕ್ಕಳ ವಹಿಗೆ

ಕೊನೆಯ ತಾಸಿನಲ್ಲಿ ಈ ಪ್ರಶ್ನೆಗಳನ್ನು ಕೊಡಬಹುದು:

1. ಎಲೆಗಳನ್ನು ಎಣಿಸದೆ ತೂಗಬೇಕು ಏಕೆ? ಎಲೆಯಲ್ಲಿರುವ ನೀರಿನ ಅಂಶ ಬೇರೆ ಬೇರೆ ಇದ್ದರೆ ತೂಕವೂ ಸಾಕಾದೀತೇ?

2. ಯೂಜಿನಾಲ್ ಮತ್ತು ಚಾವಿಬೆಟಾಲ್ ರಚನೆ ಬರೆದು ವ್ಯತ್ಯಾಸ ಗುರುತಿಸಿ.

3. ಸುಣ್ಣದ ತಿಳಿ ಹಾಕಿದ ಪ್ರನಾಳದ ಬಾಯಿಗೆ ಎಣ್ಣೆಯ ಪದರು ಹಾಕಿ ಗಾಳಿ ತಡೆದರೆ ಬಣ್ಣ ಅಷ್ಟೇ ಬೇಗ ಬಂದೀತೇ? ಮಾಡಿ ನೋಡಿ.

4. ನಿಮ್ಮ ಮನೆಯಲ್ಲಿ ಎಲೆ-ಅಡಕೆ ಜಗಿಯುವವರಿಗೆ ಈ ಪಾಠವನ್ನು ಐದು ವಾಕ್ಯಗಳಲ್ಲಿ ಹೇಗೆ ಹೇಳುತ್ತೀರಿ?

ನಾಲ್ಕನೇ ಪ್ರಶ್ನೆಗೆ ಆ ಹುಡುಗ ಐದು ವಾಕ್ಯ ಬರೆಯಲಿಲ್ಲ, ಎರಡೇ ಬರೆದ. "ಅಜ್ಜಾ, ಎಲಿ ಒಳ್ಳೇದ ಐತಿ. ಅದರಾಗ ಏನ ಹಾಕ್ತಿ ಅದ ಬ್ಯಾಡ." ನಾನು ಪೂರ್ಣ ಗುಣ ಕೊಟ್ಟೆ.

ತೋಟದ ಹುಡುಗಿ ಈಗ ಅಪ್ಪನ ತೋಟದ ಒಂದು ಮೂಲೆಯಲ್ಲಿ ಸವಣೂರಿನ ಬಳ್ಳಿಯ ತುಂಡುಗಳನ್ನು ಕಪೂರಿಯ ಸಾಲಿನ ಪಕ್ಕದಲ್ಲೇ ನೆಡಿಸಿದ್ದಾಳೆ. ಅದೇ ನೀರು, ಅದೇ ನೆರಳು. ಎಲೆ ಬಂದ ಮೇಲೆ ಹನಿ ಎಣಿಸುತ್ತೇವೆ. ನಿಮ್ಮ ಊರಿನ ಎಲೆಯನ್ನು ನೀವೂ ಎಣಿಸಿ, ಬಂದ ಸಂಖ್ಯೆಯನ್ನು ಎಲೆಯ ವಯಸ್ಸು ಮತ್ತು ಕಿತ್ತ ದಿನದ ಸಹಿತ ನಮ್ಮ ಪತ್ರಿಕೆಗೆ ಬರೆದು ಕಳುಹಿಸಿ. ಎಲ್ಲರದೂ ಕೂಡಿದರೆ ಕಪೂರಿಯ ಹೆಸರು ಇರುವ ಒಂದು ಪಟ್ಟಿಯನ್ನು ನಾವೇ ಮಾಡಿಕೊಳ್ಳಬಹುದು.